ಬಾಯಿ ಬಿಡದ ಇಂಟರ್ನ್

ಅಕ್ಕಿಹೆಬ್ಬಾಳಿನ ಬಿಸಿಎ ವಿದ್ಯಾರ್ಥಿನಿಗೆ,

ಮೈಸೂರಿನ ಅಷ್ಟು ದೊಡ್ಡ ಕಂಪನಿಯಲ್ಲಿ ಲಾಗಿನ್ ಸಿಗದೆ ದಿನಗಟ್ಟಲೆ ಸುಮ್ಮನೆ ಕೂತದ್ದು ನಿಮ್ಮ ತಪ್ಪಲ್ಲ. ಐಡಿ ಕಾರ್ಡಿಗೊಂದು ವಿಭಾಗ, ಲ್ಯಾಪ್‌ಟಾಪಿಗೆ ಇನ್ನೊಂದು. ಇಂಟರ್ನ್‌ಗಳ ಸರದಿ ಕೊನೆಗೇ. ಅದನ್ನು ಮರೆತುಬಿಡಿ.

ನಿಜವಾದ ತೊಡಕು ನೀವು ಪತ್ರದ ಕೊನೆಯಲ್ಲಿ ಬರೆದದ್ದು: ಇಂಗ್ಲಿಷ್ ಮೀಟಿಂಗಿನಲ್ಲಿ ಬಾಯಿ ಬರಲಿಲ್ಲ. ಬರದಿದ್ದರೆ ಬೇಡ. ದಿನಾ ಸಂಜೆ ನಿಮ್ಮ ಗೈಡ್‌ಗೆ ಮೂರು ಸಾಲು ಮೇಲ್ ಮಾಡಿ: ಇವತ್ತು ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ, ನಾಳೆ ಏನು. ಬರಹದಲ್ಲಿ ಉಚ್ಚಾರಣೆ ಯಾರಿಗೂ ಕೇಳಿಸದು! ಅರಸೀಕೆರೆ ಕಡೆಯ ರೈಲಿನಲ್ಲಿ ಊರಿಗೆ ಮರಳುವಾಗಲೇ ಬರೆದು ಮುಗಿಸಬಹುದು. ಮಾತು ತಾನಾಗಿ ಬರುತ್ತದೆ, ಅವಸರವಿಲ್ಲ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆ ಕೇಳಿದ್ದೀರಿ. 2024ರಲ್ಲಿ ಆರಂಭವಾದಾಗ ಅದರಲ್ಲಿ ತಿಂಗಳಿಗೆ 5,000 ರೂಪಾಯಿ, 12 ತಿಂಗಳ ತರಬೇತಿ ಇತ್ತು. ಪೂರ್ಣಾವಧಿ ಓದುತ್ತಿರುವವರಿಗೆ ಅವಕಾಶವಿರಲಿಲ್ಲ. ಪದವಿ ಮುಗಿದ ಮೇಲೆ ಆಗಿನ ನಿಯಮ ನೋಡಿಕೊಂಡು ಅರ್ಜಿ ಹಾಕಿ.

ಮಾಡಿದ ಕೆಲಸ ತೋರಿಸಲೆಂದು ಕಂಪನಿಯ ಕೋಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬರುವ ಯೋಚನೆ ಖಂಡಿತ ಬೇಡ, ಕೆಲಸಕ್ಕೇ ಕುತ್ತು. ಬದಲಿಗೆ, ಇಂಟರ್ನ್‌ಶಿಪ್ ಮುಗಿದು ಕಂಪನಿಯ ಮೇಲ್ ಬಂದ್ ಆಗುವ ಮೊದಲೇ ಗೈಡ್‌ರಿಂದ ನಿಮ್ಮ ಕೆಲಸದ ವಿವರವಿರುವ ಪತ್ರ ಬರೆಸಿಕೊಳ್ಳಿ. ಬರೀ ಹಾಜರಾತಿಯ ಪ್ರಮಾಣಪತ್ರಕ್ಕೆ ಹೆಚ್ಚು ಬೆಲೆಯಿಲ್ಲ.