ಎಂಜಿನ್ ಬಾರ್ ಮರೆಮಾಡಿ, ಎಂಡ್‌ಗೇಮ್ ನೋಡಿ

ಚೆಸ್ ಪಂದ್ಯಗಳನ್ನು ನೇರಪ್ರಸಾರದಲ್ಲಿ ನೋಡಲು ಹಿರಿಯಡ್ಕದವರಿಗೆ ಈಗ ಮೊಬೈಲ್ ಸಾಕು. ಲಿಚೆಸ್, ಚೆಸ್.ಕಾಂ ಆ್ಯಪ್‌ಗಳಲ್ಲಿ ದೊಡ್ಡ ಟೂರ್ನಿಗಳ ನಡೆಗಳು ಉಚಿತವಾಗಿ ಸಿಗುತ್ತವೆ. ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಟೂರ್ನಿಯ ಸುತ್ತುಗಳು ಸಾಮಾನ್ಯವಾಗಿ ನಮ್ಮ ಸಂಜೆ 6.30ಕ್ಕೆ ಶುರುವಾಗುವುದರಿಂದ ಶಾಲೆ, ಕೆಲಸ ಮುಗಿಸಿಯೂ ನೋಡಬಹುದು. ತೊಡಕು ಇರುವುದು ಪರದೆಯ ಬದಿಯಲ್ಲಿ ಏರಿಳಿಯುವ ಕಪ್ಪು–ಬಿಳುಪಿನ ಎಂಜಿನ್ ಬಾರ್‌ನಲ್ಲಿ. ಯಾರು ಮುಂದಿದ್ದಾರೆ ಎಂದು ಅದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡುವುದು.

ಇದಕ್ಕೆ ಆಧಾರವಾಗಿ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಪಂದ್ಯವನ್ನು ತೆಗೆದುಕೊಳ್ಳಿ. ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದ ಡಿ. ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿತ್ತು. ಇಬ್ಬರಲ್ಲೂ ಒಂದೊಂದು ಆನೆ, ಒಂದೇ ಬಣ್ಣದ ಮನೆಗಳಲ್ಲಿ ಓಡಾಡುವ ಒಂದೊಂದು ಒಂಟೆ. ಡ್ರಾ ಖಚಿತವೆಂಬಂತಿದ್ದಾಗ ಎದುರಾಳಿ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದರು. ಬಾರ್ ಒಮ್ಮೆಲೇ ಕಪ್ಪಿನತ್ತ ವಾಲಿತು. ಅದನ್ನಷ್ಟೇ ನೋಡಿದವರಿಗೆ ತಪ್ಪಾಯಿತೆಂದು ಮಾತ್ರ ತಿಳಿಯಿತು. ನಿಜವಾದ ಕಾರಣ ಹಲಗೆಯ ಮೇಲಿತ್ತು: ಆನೆಗಳು ಬದಲಾದ ಮೇಲೆ ಕಪ್ಪು ಒಂಟೆ ಡಿ5ಕ್ಕೆ ಬಂದರೆ ಎ8ರ ಮೂಲೆಯಲ್ಲಿದ್ದ ಬಿಳಿ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಒಂಟೆಗಳೂ ಬದಲಾಗಲೇಬೇಕು. ಉಳಿಯುವುದು ರಾಜ ಮತ್ತು ಕಾಲಾಳುಗಳು. ಅಲ್ಲಿ ಆ ಒಂದು ಕಾಲಾಳೇ ಗೆಲುವು. ಗುಕೇಶ್ 7.5–6.5ರಿಂದ 18ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು.

ಹೀಗಾಗಿ ಎರಡನೇ ಹೆಜ್ಜೆ, ಕಾಯಿಗಳು ಕಡಿಮೆಯಾಗುತ್ತಿದ್ದಂತೆ ಪ್ರತಿ ನಡೆಗೂ ಒಂದೇ ಪ್ರಶ್ನೆ ಕೇಳಿಕೊಳ್ಳುವುದು: ಉಳಿದ ಕಾಯಿಗಳೆಲ್ಲ ಬದಲಾದರೆ ಬರೀ ಕಾಲಾಳುಗಳ ಆಟ ಯಾರದು? ಮೂರನೆಯದು, ಗಡಿಯಾರ ನೋಡುವುದು. ಸಿಂಗಪುರದಲ್ಲಿ ಮೊದಲ 40 ನಡೆಗಳಿಗೆ 120 ನಿಮಿಷ, ಆಮೇಲೆ 30 ನಿಮಿಷ ಮತ್ತು 41ನೇ ನಡೆಯಿಂದ ನಡೆಗೆ 30 ಸೆಕೆಂಡ್ ಸೇರ್ಪಡೆ ಇತ್ತು. ಎಂಡ್‌ಗೇಮ್ ಬರುವಷ್ಟರಲ್ಲಿ ಆಟಗಾರ ದಣಿದಿರುತ್ತಾನೆ, ಸಮಯವೂ ಕರಗಿರುತ್ತದೆ. ಎಂಜಿನ್‌ಗೆ ಸಲೀಸಾದ ಡ್ರಾ ಮನುಷ್ಯನಿಗೆ ಕಠಿಣವಾಗುವುದು ಇಲ್ಲೇ.

ಅಷ್ಟೆಲ್ಲ ಲೆಕ್ಕ ಹಾಕಲು ನಮಗೆಲ್ಲಿ ಬರುತ್ತದೆ ಎಂಬ ಆಕ್ಷೇಪ ಸಹಜ. ಆರಂಭಕ್ಕೆ ಎರಡು ನಿಯಮ ಸಾಕು. ಒಂದು, ಚೌಕದ ನಿಯಮ. ಬಿಳಿ ಕಾಲಾಳು ಎ4ರಲ್ಲಿದ್ದರೆ ಎ4, ಇ4, ಇ8, ಎ8 ಮೂಲೆಗಳ ಚೌಕವನ್ನು ಮನಸ್ಸಿನಲ್ಲೇ ಎಳೆಯಿರಿ. ತನ್ನ ಸರದಿಯಲ್ಲಿ ಕಪ್ಪು ರಾಜ ಅದರೊಳಗೆ ಕಾಲಿಡಬಲ್ಲನಾದರೆ, ದಾರಿಗೆ ಅಡ್ಡಿಯಿಲ್ಲದಿದ್ದಲ್ಲಿ, ಒಂಟಿ ಕಾಲಾಳನ್ನು ಹಿಡಿಯುತ್ತಾನೆ. ಎರಡು, ಮುನ್ನುಗ್ಗುವ ಕಾಲಾಳಿನ ಹಿಂದೆ ಆನೆ ನಿಲ್ಲುವುದು ಸಾಮಾನ್ಯವಾಗಿ ಒಳ್ಳೆಯದು, ಅದು ನಮ್ಮದಿರಲಿ ಎದುರಾಳಿಯದಿರಲಿ.

ಎಂಜಿನ್ ಸರಿಯಾಗಿಯೇ ಹೇಳುವಾಗ ಅದನ್ನೇಕೆ ದೂರವಿಡಬೇಕು ಎಂಬುದು ಇನ್ನೊಂದು ಆಕ್ಷೇಪ. ಅದು ಸರಿಯೆಂಬುದರಲ್ಲಿ ಅನುಮಾನವಿಲ್ಲ. ರಾಜರೂ ಸೇರಿ ಏಳು ಕಾಯಿಗಳವರೆಗಿನ ಸ್ಥಿತಿಗಳಿಗೆ ಟೇಬಲ್‌ಬೇಸ್ ಎಂಬ ಕಂಪ್ಯೂಟರ್ ದತ್ತಸಂಗ್ರಹದಲ್ಲಿ ಪೂರ್ಣ ಉತ್ತರವೇ ಇದೆ. ಆದರೆ ಉತ್ತರ ಮೊದಲೇ ಕಂಡರೆ ಯೋಚಿಸುವ ಅಗತ್ಯ ಬೀಳುವುದಿಲ್ಲ. ನಿಮ್ಮ ತೀರ್ಮಾನವನ್ನು ಪುಸ್ತಕದಲ್ಲಿ ಬರೆದಿಡಿ, ಪಂದ್ಯ ಮುಗಿದ ಮೇಲೆ ಎಂಜಿನ್ ತೆರೆದು ಹೋಲಿಸಿ. ಇದು ನಾಲ್ಕನೇ ಹೆಜ್ಜೆ.

ಉಡುಪಿ, ಮಣಿಪಾಲ, ಕಾರ್ಕಳದಲ್ಲಿ ಟೂರ್ನಿ ನಡೆದಾಗ ಸಭಾಂಗಣಕ್ಕೇ ಹೋಗುವುದಾದರೆ ಮೊಬೈಲ್ ಹೊರಗಿಡಿ, ಆಟಗಾರರ ಹತ್ತಿರ ಪಿಸುಮಾತೂ ಬೇಡ. ನೇರಪ್ರಸಾರ ಸಾಮಾನ್ಯವಾಗಿ ಮೇಲಿನ ಕೆಲವು ಬೋರ್ಡ್‌ಗಳಿಗಷ್ಟೇ ಇರುತ್ತದೆ. ಉಳಿದವರ ಜೋಡಿ, ಫಲಿತಾಂಶಗಳನ್ನು ಚೆಸ್-ರಿಸಲ್ಟ್ಸ್ ತಾಣದಲ್ಲಿ ಹುಡುಕಬಹುದು. ಮಕ್ಕಳನ್ನು ಕರೆದೊಯ್ದವರು ಅವರ ಆಟ ಮುಗಿದ ತಕ್ಷಣ ಹೊರಡಬೇಡಿ. ಕೊನೆಯಲ್ಲಿ ಉಳಿದ ಬೋರ್ಡ್‌ಗಳ ಎಂಡ್‌ಗೇಮ್ ತೋರಿಸಿಯೇ ಮನೆಗೆ ಕರೆತನ್ನಿ.