ಮೂಡುಬಿದಿರೆಯ ಮೇಲೇ ಹೇಳಬೇಕಾದ ಮಾತು

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ 24ನೇ ರನ್‌ವೇಗೆ ಇಳಿಯುವ ವಿಮಾನ ಈಶಾನ್ಯದಿಂದ, ವೇಣೂರು–ಮೂಡುಬಿದಿರೆ ಕಡೆಯಿಂದ ಬರುತ್ತದೆ. ಬೆಳ್ತಂಗಡಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಊರಿನ ಆಕಾಶ. ಸಹ ಪೈಲಟ್ ಆಗಿ ವರ್ಷಗಟ್ಟಲೆ ಆ ದಾರಿಯಲ್ಲಿ ಇಳಿದಿದ್ದೇನೆ. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಅಲ್ಲಿ ಒಂದು ಗುಡ್ಡವೂ ಕಾಣುವುದಿಲ್ಲ. ಆಗ ನಮಗೆ ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆಯೇ ಗತಿ: ಅದರ ಒಂದು ಸಂಕೇತ ಎಡ-ಬಲ ತೋರಿಸುತ್ತದೆ, ಇನ್ನೊಂದು, ಗ್ಲೈಡ್ ಸ್ಲೋಪ್, ಎತ್ತರ ತೋರಿಸುತ್ತದೆ.

ಗ್ಲೈಡ್ ಸ್ಲೋಪನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 3 ಡಿಗ್ರಿಯ ನಿಜವಾದ ದಾರಿಯ ಮೇಲೆ, ಇನ್ನೂ ಕಡಿದಾದ ಕೋನಗಳಲ್ಲಿ ಸುಳ್ಳು ಸಂಕೇತಗಳಿರುತ್ತವೆ. ಎತ್ತರದಲ್ಲಿ ಬಂದವರಿಗೆ ಅಲ್ಲೂ ಎಲ್ಲ ಸರಿಯಿದ್ದಂತೆ ತೋರಬಹುದು. ಹಾಗಾಗಿ ನಾನು ದೂರವನ್ನು 300ರಿಂದ ಗುಣಿಸಿ ಬಜಪೆ ಗುಡ್ಡದ ಎತ್ತರ ಸೇರಿಸಿ ನೋಡುತ್ತೇನೆ. 10 ನಾಟಿಕಲ್ ಮೈಲಿಯಲ್ಲಿ, ಎಂದರೆ ಮೂಡುಬಿದಿರೆಯ ಆಸುಪಾಸಿನಲ್ಲಿ, ಸುಮಾರು 3,300 ಅಡಿ ಇರಬೇಕು.

2010ರ ಮೇ 22ರ ಬೆಳಿಗ್ಗೆ ಈ ಲೆಕ್ಕ ತಪ್ಪಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರಲ್ಲಿ 166 ಮಂದಿ ಇದ್ದರು. ಬದುಕಿ ಉಳಿದವರು 8 ಮಂದಿ. ಮಂಗಳೂರಿನ ರೇಡಾರ್ ಕೆಟ್ಟಿತ್ತು, ಇಳಿಯಲು ಅನುಮತಿ ತಡವಾಗಿ ಸಿಕ್ಕಿತ್ತು. ಕ್ಯಾಪ್ಟನ್ ದೀರ್ಘ ನಿದ್ದೆಯಿಂದ ಎದ್ದು ಹೆಚ್ಚು ಹೊತ್ತಾಗಿರಲಿಲ್ಲ. ವಿಮಾನ ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿತ್ತು. ‘ತುಂಬಾ ಎತ್ತರದಲ್ಲಿದ್ದೇವೆ’ ಎಂಬ ಮಾತು ಸಹ ಪೈಲಟ್ ಬಾಯಿಂದ ಬರುವಾಗ ಉಳಿದದ್ದು ಎರಡೂವರೆ ಮೈಲಿಯಷ್ಟು. ಗೋ-ಅರೌಂಡ್ ಮಾಡೋಣ, ಎಂದರೆ ಇಳಿಯದೆ ಮತ್ತೆ ಮೇಲೇರೋಣ ಎಂದು ಅವರು ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 50 ಅಡಿಯಲ್ಲಿ ದಾಟಬೇಕಾದ ರನ್‌ವೇ ಅಂಚನ್ನು ಸುಮಾರು 200 ಅಡಿಯಲ್ಲಿ ದಾಟಿದ ವಿಮಾನ, 8,033 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಮುಗಿದ ಮೇಲೆ ನೆಲ ಮುಟ್ಟಿತು. ಆಚೆಗೆ ಇದ್ದದ್ದು ಕಣಿವೆ.

ವಿಚಾರಣಾ ವರದಿಯ ಈ ಭಾಗವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ನಮ್ಮ ಕಡೆ ಮಕ್ಕಳಿಗೆ ಮೊದಲು ಕಲಿಸುವುದೇ ಹಿರಿಯರಿಗೆ ಎದುರು ಮಾತಾಡಬಾರದು ಎಂದು. ಮನೆಯಲ್ಲಿ ಅದು ಚೆಂದ. ಕಾಕ್‌ಪಿಟ್‌ನಲ್ಲಿ ಜೀವ ತೆಗೆಯುತ್ತದೆ. ‘ಸ್ವಲ್ಪ ಎತ್ತರ ಆಯಿತೇನೋ ಸರ್’ ಎಂಬ ಮಾತು ಅಲ್ಲಿ ಉಪಯೋಗಕ್ಕೆ ಬಾರದು. ಎಷ್ಟು ಅಡಿ ಎಂದು ಹೇಳಬೇಕು, ಮೂಡುಬಿದಿರೆಯ ಮೇಲಿರುವಾಗಲೇ ಹೇಳಬೇಕು. ಹೇಳಿದ್ದಕ್ಕೆ ಉತ್ತರ ಬಾರದಿದ್ದರೆ ನಿಯಂತ್ರಣ ಕೈಗೆ ತೆಗೆದುಕೊಳ್ಳಬೇಕು.

ಒಂದು ಜುಲೈ ಸಂಜೆ ಅಂಥ ಪರೀಕ್ಷೆ ಬಂತು. ಬೆನ್ನಿಗೆ ಗಾಳಿ, ಮುಂದೆ ಬರೀ ಮೋಡ. ಪಕ್ಕದಲ್ಲಿದ್ದವರು ನನಗಿಂತ ಇಪ್ಪತ್ತು ವರ್ಷ ಹಿರಿಯರು. 10 ಮೈಲಿಯಲ್ಲಿ 4,700 ಅಡಿ ತೋರಿಸುತ್ತಿತ್ತು. ‘ಸರ್, 1,400 ಅಡಿ ಹೈ’ ಎಂದೆ. ಅವರು ಗೇರ್ ಇಳಿಸಿದರು, ಸ್ಪೀಡ್‌ಬ್ರೇಕ್ ಎಳೆದರು. ಇಡೀ ವಿಮಾನ ಗಡಗಡ ಅದುರಿತು. ರನ್‌ವೇಯಿಂದ 1,000 ಅಡಿ ಮೇಲಿರುವಾಗ ವೇಗವೂ ಇಳಿಯುವ ದರವೂ ಹದಕ್ಕೆ ಬಂದಿರಬೇಕು ಎಂಬುದು ನಿಯಮ. ಬಂದಿರಲಿಲ್ಲ. ‘ನಾಟ್ ಸ್ಟೆಬಿಲೈಸ್ಡ್, ಗೋ-ಅರೌಂಡ್’ ಎಂದೆ. ಅವರ ಕೈ ಆಗಲೇ ಥ್ರಸ್ಟ್ ಲಿವರನ್ನು ಮುಂದಕ್ಕೆ ತಳ್ಳಿತ್ತು. ಎರಡನೇ ಸಲ ಸಲೀಸಾಗಿ ಇಳಿದೆವು. ಬಸ್ಸು ಹತ್ತುವಾಗ ಅವರು ಹೇಳಿದರು: ‘ನೀವು ಹೇಳಿದ ಮೇಲೆ ನಾನು ಯೋಚನೆ ಮಾಡಲಿಲ್ಲ. ಯೋಚನೆಗೆ ಅಲ್ಲಿ ಹೊತ್ತಿಲ್ಲ.’ ಇಂಥ ಹಿರಿಯರ ಪಕ್ಕದಲ್ಲಿ ಕೂತು ನಾನು ಮಾತಾಡಲು ಕಲಿತೆ.

ಬಂಟ್ವಾಳದ ನನ್ನ ಚಿಕ್ಕಮ್ಮ ಮಗನನ್ನು ನೋಡಲು ಆಗಾಗ ಗಲ್ಫಿಗೆ ಹೋಗಿ ಬರುತ್ತಾರೆ. ಒಮ್ಮೆ ಬಜಪೆಯಲ್ಲಿ ವಿಮಾನ ಇಳಿಯುವಂತೆ ಮಾಡಿ ಮತ್ತೆ ಮೇಲೇರಿದಾಗ ಜೀವ ಬಾಯಿಗೆ ಬಂತಂತೆ. ‘ಆ ಪೈಲಟ್‌ಗೆ ಇಳಿಸಲಿಕ್ಕೇ ಬರುವುದಿಲ್ಲ ಮಾರಾಯ’ ಎಂದು ಬಯ್ದರು. ಅವರಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ. ವಿಮಾನ ಮತ್ತೆ ಮೇಲೇರಿದರೆ ಹೆದರಬೇಡಿ, ಪೈಲಟ್‌ಗಳನ್ನು ಬಯ್ಯಬೇಡಿ. ಇಳಿಯುವುದು ಹದವಾಗಿಲ್ಲ ಎಂದು ಕಂಡಾಗ ಅವರು ಮಾಡಬೇಕಾದ ಕೆಲಸವೇ ಅದು.