ದೀಪಾವಳಿಗೆ ಮೊದಲು: ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಮನೆಗಳವರ ಗಮನಕ್ಕೆ

ಚೆನ್ನೈಯ ಈ ಅಪಾರ್ಟ್‌ಮೆಂಟಿನಲ್ಲಿ ಆಟಿಸಂ ಇರುವ ಮಕ್ಕಳೂ ದೊಡ್ಡವರೂ ಇದ್ದಾರೆ. ಒಬ್ಬ ನನ್ನ ಮಗ. ಮಿಕ್ಸಿಯ ಗುಂಡಿ ತಾನೇ ಒತ್ತಿದರೆ ಚಟ್ನಿ ನುಣ್ಣಗಾಗುವವರೆಗೂ ನಗುತ್ತ ನಿಲ್ಲುತ್ತಾನೆ. ನಾನು ಹೇಳದೆ ಹಾಕಿದರೆ ಮಂಚದ ಕೆಳಗೆ ಹೋಗುತ್ತಾನೆ. ಸದ್ದು ಅದೇ. ಯಾವಾಗ ಬರುತ್ತದೆಂದು ಗೊತ್ತಿಲ್ಲದ್ದೇ ತೊಂದರೆ.

ಹಿಂದಿನ ಅನುಭವದಿಂದ ಮುಂದಿನದನ್ನು ಊಹಿಸಿಕೊಳ್ಳುವುದು ಮಿದುಳಿನ ಕೆಲಸ. ಆಟಿಸಂನಲ್ಲಿ ಆ ಊಹೆಯ ಹಿಡಿತ ಸಡಿಲ, ಹಾಗಾಗಿ ಲೋಕ ಸೋಸದೆ ಬಂದು ಅಪ್ಪಳಿಸುತ್ತದೆ ಎಂದು 2012ರಲ್ಲಿ ಸಂಶೋಧಕರಾದ ಎಲಿಜಬೆತ್ ಪೆಲಿಕಾನೊ, ಡೇವಿಡ್ ಬರ್ ವಾದಿಸಿದರು. ಸುತ್ತಲಿನದು ಇರುವುದಕ್ಕಿಂತ ಹೆಚ್ಚು ಚಂಚಲ ಎಂದು ಆಟಿಸಂ ಇರುವ ವಯಸ್ಕರು ಅಂದಾಜಿಸುತ್ತಾರೆ ಎಂದು 2017ರಲ್ಲಿ ರೆಬೆಕ್ಕಾ ಲಾಸನ್ ತಂಡ ಬರೆಯಿತು. ವಿಜ್ಞಾನಿಗಳ ಚರ್ಚೆ ಮುಗಿದಿಲ್ಲ. ಪಟಾಕಿಯ ವಿಷಯಕ್ಕೆ ಅದು ಮುಗಿಯುವವರೆಗೆ ಕಾಯಬೇಕಿಲ್ಲ.

ಮಾಡಬೇಕಾದ್ದು

ಪಟಾಕಿ ಬೆಳಿಗ್ಗೆ 6ರಿಂದ 7, ರಾತ್ರಿ 7ರಿಂದ 8. ಸುಪ್ರೀಂ ಕೋರ್ಟ್ 2018ರಲ್ಲಿ ಎರಡೇ ಗಂಟೆ ಎಂದ ಮೇಲೆ ತಮಿಳುನಾಡು ಸರ್ಕಾರ ಗೊತ್ತುಮಾಡಿದ ಹೊತ್ತಿದು. ಹೊಗೆ ತಡೆಯಲು ಬಂದ ನಿಯಮ ನಮ್ಮ ಮನೆಗೆ ಗಡಿಯಾರವಾಯಿತು: ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂದರೆ ಶುರು, ಒಂದು ಸುತ್ತು ಹಾಕಿ ಬಂದರೆ ಮುಗೀತು. ಒಂದು ನಿಮಿಷವೂ ಆಚೀಚೆ ಆಗಬಾರದು.

ಹೊಸ ತರಹದ ಪಟಾಕಿ ತಂದಿದ್ದರೆ ಹಿಂದಿನ ದಿನವೇ ಗ್ರೂಪಿನಲ್ಲಿ ಹಾಕಿ. ಎಷ್ಟು ಸಲ ಸಿಡಿಯುತ್ತದೆ ಅಂತಲೂ ತಿಳಿಸಿ.

ಮಾಡಬಾರದ್ದು

ಬಲಿಪಾಡ್ಯಮಿಗೆ ಪಟಾಕಿ ಬೇಡ. ಇಲ್ಲಿನವರ ಹಬ್ಬ ನರಕ ಚತುರ್ದಶಿಯದು, ನಮ್ಮದು ಮೂರು ದಿನ. ಕಳೆದ ವರ್ಷ ‘ಹಬ್ಬ ಮುಗೀತು’ ಎಂದು ಮಗನಿಗೆ ಹೇಳಿ ಹೆಡ್‌ಫೋನನ್ನು ಕಪಾಟಿಗಿಟ್ಟ ಮೇಲೆ ಸರಪಟಾಕಿ ಹಚ್ಚಿದವರು ನಮ್ಮವರೇ. ನನ್ನ ಮಾತನ್ನು ಅವನು ಮತ್ತೆ ನಂಬಲು ವಾರಗಳು ಹಿಡಿದವು. ಪಾಡ್ಯಕ್ಕೆ ದೀಪ ಹಚ್ಚಿ, ಹೋಳಿಗೆ ತಿನ್ನಿ.

‘ಅಭ್ಯಾಸ ಆಗಲಿ’ ಎಂದು ಮಕ್ಕಳ ಪಕ್ಕದಲ್ಲಿ ಹಚ್ಚಬೇಡಿ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ.

ಠುಸ್ ಆದ ಪಟಾಕಿಯನ್ನು ಕೆದಕಲೇಬೇಡಿ, ದೂರದಿಂದ ನೀರು ಸುರಿಯಿರಿ. ಸಿಡಿಯುತ್ತೋ ಇಲ್ಲವೋ ಎಂದು ಕಾಯುವುದು ನಿಮಗೆ ಮೋಜು. ನನ್ನ ಮಗ ಕಿವಿಗೊತ್ತಿದ ಕೈಯನ್ನು ಅರ್ಧ ಗಂಟೆ ಇಳಿಸುವುದಿಲ್ಲ.

ಇದು ಈ ಊರಿನ ಮಳೆಗಾಲ. ಏಳರಿಂದ ಎಂಟರವರೆಗೆ ಸುರಿದು ಎಂಟೂಕಾಲಿಗೆ ಬಿಟ್ಟಿತೆಂದು ಆಗ ಶುರುಮಾಡಬೇಡಿ. ಅವತ್ತಿನ ಪಟಾಕಿ ಮಳೆಗೆ ಸಂದಿತು ಎಂದುಕೊಳ್ಳಿ.